ಕೆಲಸದ ಲೆಕ್ಕ, ಕೂಲಿಯ ಪಾಲು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಗಣಿತವೆಂದೊಡನೆ ನಮ್ಮ ಕಲಾವಿಭಾಗದ ಸ್ನೇಹಿತರಲ್ಲಿ ಹಲವರು ಪುಟ ಮಗುಚಿಬಿಡುವರೆಂಬುದನ್ನು ನಾನು ಬಲ್ಲೆ. ಹತ್ತನೆಯ ತರಗತಿಯೊಡನೆ ಗಣಿತದ ಋಣ ಹರಿಯಿತೆಂದು ತಿಳಿದು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಆರಿಸಿಕೊಂಡವರು ನಾವು. ಆದರೆ ಪದವಿ ಮುಗಿಯುತ್ತ ಬಂದಂತೆ ಆ ಋಣ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಬ್ಯಾಂಕಿನ ಪರೀಕ್ಷೆಯಿರಲಿ, ರೈಲ್ವೆಯ ಪರೀಕ್ಷೆಯಿರಲಿ, 'ಕಾಲ ಮತ್ತು ಕೆಲಸ' ಎಂಬ ಅಧ್ಯಾಯದಿಂದ ಒಂದೆರಡು ಪ್ರಶ್ನೆಗಳು ತಪ್ಪುವುದಿಲ್ಲ. ಆ ಲೆಕ್ಕಗಳನ್ನು ಬಿಡಿಸುವ ದಾರಿಯನ್ನು ಇಲ್ಲಿ ಮೊದಲು ಚಿಕ್ಕದಾಗಿ ಹೇಳುತ್ತೇನೆ. ಆಮೇಲೆ, ಆ ಲೆಕ್ಕಗಳ ಬಾಲದಲ್ಲಿ ಬರುವ 'ಹಾಗಾದರೆ ಯಾರಿಗೆ ಎಷ್ಟು ಕೂಲಿ?' ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕೆಂದಿದ್ದೇನೆ. ನನಗೆ ಹೆಚ್ಚು ಆಸಕ್ತಿಯಿರುವುದು ಈ ಎರಡನೆಯದರಲ್ಲಿಯೇ.

ಒಬ್ಬ ಗೌಂಡಿಯು ಒಂದು ಗೋಡೆಯನ್ನು 10 ದಿನಗಳಲ್ಲಿ ಕಟ್ಟಬಲ್ಲನು. ಇನ್ನೊಬ್ಬನಿಗೆ ಅದೇ ಗೋಡೆಗೆ 15 ದಿನ ಬೇಕು. ಇಬ್ಬರೂ ಕೂಡಿ ಕಟ್ಟಿದರೆ ಎಷ್ಟು ದಿನ? ಅವಸರದಲ್ಲಿರುವವರು 10ನ್ನೂ 15ನ್ನೂ ಕೂಡಿಸಿ ಅರ್ಧ ಮಾಡಿ ಹನ್ನೆರಡೂವರೆ ಎನ್ನುತ್ತಾರೆ. ಮೊದಲನೆಯವನು ಒಬ್ಬನೇ 10 ದಿನಗಳಲ್ಲಿ ಮುಗಿಸುವ ಗೋಡೆಗೆ ಜೊತೆಯವನು ಬಂದಮೇಲೆ ಹನ್ನೆರಡೂವರೆ ದಿನ ಹಿಡಿದರೆ ಆ ಜೊತೆಯವನು ಇಟ್ಟಿಗೆ ಕೀಳುತ್ತಿರಬೇಕು! ದಿನಗಳನ್ನು ಕೂಡಿಸಲಾಗದು, ಒಂದು ದಿನದ ಕೆಲಸವನ್ನು ಮಾತ್ರ ಕೂಡಿಸಬಹುದು. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಅಧ್ಯಾಯದ ಅರ್ಧ ಮುಗಿದಂತೆಯೇ. ಮೊದಲನೆಯವನು ದಿನಕ್ಕೆ ಗೋಡೆಯ 1/10 ಭಾಗ, ಎರಡನೆಯವನು 1/15 ಭಾಗ ಕಟ್ಟುತ್ತಾನೆ. ತಿಳಿಯದ ದಿನಗಳ ಸಂಖ್ಯೆಯನ್ನು ಕ್ಷ ಎನ್ನೋಣ. ಆಗ ಕ್ಷ/10 + ಕ್ಷ/15 = 1. ಎರಡು ಕಡೆಯೂ 30ರಿಂದ ಗುಣಿಸಿದರೆ 3ಕ್ಷ + 2ಕ್ಷ = 30; ಆದುದರಿಂದ ಕ್ಷ = 6 ದಿನ. ಪರೀಕ್ಷೆಯ ಕೈಪಿಡಿಗಳಲ್ಲಿ ಬರುವ ಲ.ಸಾ.ಅ. ವಿಧಾನವೂ ಇದೇ, ಗೋಡೆ 30 ಮೊಳವಿದೆಯೆಂದು ಭಾವಿಸಿ, ಒಬ್ಬನು ದಿನಕ್ಕೆ 3 ಮೊಳ, ಇನ್ನೊಬ್ಬನು 2 ಮೊಳ ಎನ್ನುತ್ತಾರೆ, ಅಷ್ಟೆ.

ಈಗ ಕೂಲಿಗೆ ಬರೋಣ. ಗೋಡೆಯ ಗುತ್ತಿಗೆ 6,000 ರೂಪಾಯಿ. ಪುಸ್ತಕದ ಉತ್ತರವೇನೆಂದರೆ, ಮಾಡಿದ ಕೆಲಸದ ಪ್ರಮಾಣದಲ್ಲಿ, ಅಂದರೆ 3ಕ್ಕೆ 2ರಂತೆ ಹಂಚಬೇಕು: ಒಬ್ಬನಿಗೆ 3,600, ಮತ್ತೊಬ್ಬನಿಗೆ 2,400. ಏಕೆ ಹೀಗೆಯೇ ಹಂಚಬೇಕೆಂದು ಪುಸ್ತಕ ಹೇಳುವುದಿಲ್ಲ. ಆದರೆ ಕಾರಣ ಚೆಲುವಾದದ್ದು. ಮೊದಲನೆಯವನು ಒಬ್ಬನೇ ಕಟ್ಟಿದ್ದರೆ 10 ದಿನಕ್ಕೆ 6,000, ಎಂದರೆ ದಿನಕ್ಕೆ 600 ಸಿಗುತ್ತಿತ್ತು. ಕೂಡಿ ಕಟ್ಟಿದಾಗಲೂ 6 ದಿನಕ್ಕೆ 3,600, ದಿನಕ್ಕೆ 600. ಎರಡನೆಯವನಿಗೆ ಒಬ್ಬನೇ ಇದ್ದರೂ ದಿನಕ್ಕೆ 400, ಕೂಡಿದರೂ 400. ಕೂಡಿದ್ದರಿಂದ ಇಬ್ಬರ ದಿನದ ಗಳಿಕೆಯೂ ಕುಂದದಂತೆ ಹಂಚುವ ಬಗೆ ಇದೊಂದೇ. ಸಮನಾಗಿ 3,000ದಂತೆ ಹಂಚಿದ್ದರೆ ಚುರುಕಿನವನು ದಿನಕ್ಕೆ 100 ರೂಪಾಯಿ ಬಿಟ್ಟುಕೊಟ್ಟಂತಾಗುತ್ತಿತ್ತು. ಹಾಗೆಂದು ಸಮಪಾಲು ಅನ್ಯಾಯವೆಂದು ನಾನು ಹೇಳಲಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯಲ್ಲಿ ದಿನಕ್ಕೆ ದಿನವೇ ಲೆಕ್ಕ. ಬಂದವನು ಎಷ್ಟು ಸಾಲು ಕಳೆ ತೆಗೆದನೆಂದು ಯಾರೂ ಅಳೆಯುವುದಿಲ್ಲ.

ಈ ಜಾತಿಯ ಲೆಕ್ಕಗಳು ನಿನ್ನೆ ಮೊನ್ನೆಯವಲ್ಲ. ಭಾಸ್ಕರಾಚಾರ್ಯನು 1150ರ ಸುಮಾರಿಗೆ ಬರೆದ 'ಲೀಲಾವತಿ'ಯಲ್ಲಿ ನಾಲ್ಕು ಝರಿಗಳು ಒಂದು ಕೊಳವನ್ನು ತುಂಬುವ ಲೆಕ್ಕವಿದೆ. ಅವು ಬೇರೆಬೇರೆಯಾಗಿ ಒಂದು ದಿನ, ಅರ್ಧ ದಿನ, ಮೂರರಲ್ಲೊಂದು ದಿನ, ಆರರಲ್ಲೊಂದು ದಿನ ತೆಗೆದುಕೊಳ್ಳುತ್ತವೆ. ಒಂದು ದಿನದಲ್ಲಿ ಅವು ತುಂಬುವ ಕೊಳಗಳು 1, 2, 3, 6, ಒಟ್ಟು 12. ಆದ್ದರಿಂದ ನಾಲ್ಕೂ ಕೂಡಿದರೆ ದಿನದ ಹನ್ನೆರಡನೆಯ ಒಂದು ಪಾಲು ಸಾಕು. ನಮ್ಮ ಗೌಂಡಿಗಳ ಲೆಕ್ಕವೇ ಇದು. ಆದರೆ ಝರಿಗೆ ಕೂಲಿ ಕೊಡಬೇಕಾಗಿಲ್ಲ.

ಕೂಲಿಯ ಲೆಕ್ಕ ಬೇಕೆಂದರೆ ಇನ್ನೂ 300 ವರ್ಷ ಹಿಂದಕ್ಕೆ ಹೋಗಬೇಕು. ಮಹಾವೀರಾಚಾರ್ಯನು 850ರ ಸುಮಾರಿಗೆ, ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಆ ಮಾನ್ಯಖೇಟವೇ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ಪಲ್ಲಕ್ಕಿ ಹೊರುವವರ ಲೆಕ್ಕವೊಂದಿದೆ. ಅದರ ಸಾರಾಂಶವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

20 ಜನರು ಒಂದು ಪಲ್ಲಕ್ಕಿಯನ್ನು 2 ಯೋಜನ ದೂರ ಹೊರಬೇಕು. ಒಟ್ಟು ಕೂಲಿ 720 ದೀನಾರ. 2 ಕ್ರೋಶ ನಡೆದಮೇಲೆ ಇಬ್ಬರು ಬಿಟ್ಟುಹೋದರು. ಮತ್ತೆ 2 ಕ್ರೋಶದ ಮೇಲೆ ಮೂವರು ಹೋದರು. ಉಳಿದ ದಾರಿಯ ಅರ್ಧ ಕಳೆದಮೇಲೆ ಐವರು ಹೋದರು. ಯಾರು ಯಾರಿಗೆ ಎಷ್ಟು?

ಯೋಜನಕ್ಕೆ 4 ಕ್ರೋಶವಾದ್ದರಿಂದ ಒಟ್ಟು ದಾರಿ 8 ಕ್ರೋಶ. ಅದು ಎರಡೆರಡು ಕ್ರೋಶದ ನಾಲ್ಕು ಹಂತಗಳಾಗುತ್ತದೆ. ಆಚಾರ್ಯನ ಸೂತ್ರದ ಒಳತಿರುಳು ಇದು: ಪ್ರತಿ ಹಂತದ ದೂರವನ್ನು ಆ ಹಂತದಲ್ಲಿ ಹೆಗಲು ಕೊಟ್ಟವರ ಸಂಖ್ಯೆಯಿಂದ ಭಾಗಿಸು, ಬಂದುದನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗು, ಆ ಪ್ರಮಾಣದಲ್ಲಿ ಹಂಚು. ನಮ್ಮ ಅಂಕಿಗಳಲ್ಲಿ ನೋಡಿರಿ. ಹಂತವೊಂದಕ್ಕೆ 180 ದೀನಾರ. ಮೊದಲ ಹಂತದಲ್ಲಿ 20 ಜನ, ತಲೆಗೆ 9. ಎರಡನೆಯದರಲ್ಲಿ 18 ಜನ, ತಲೆಗೆ 10. ಮೂರನೆಯದರಲ್ಲಿ 15 ಜನ, ತಲೆಗೆ 12. ಕೊನೆಯದರಲ್ಲಿ 10 ಜನ, ತಲೆಗೆ 18. ಹೀಗಾಗಿ ಮೊದಲು ಹೋದ ಇಬ್ಬರಿಗೆ ತಲಾ 9, ಆಮೇಲೆ ಹೋದ ಮೂವರಿಗೆ ತಲಾ 19, ಐವರಿಗೆ ತಲಾ 31, ಕಡೆಯವರೆಗೂ ಹೊತ್ತ ಹತ್ತು ಜನರಿಗೆ ತಲಾ 49. ಕೂಡಿಸಿ ನೋಡಿರಿ: 18, 57, 155, 490, ಸರಿಯಾಗಿ 720. ಒಂದು ಕಾಸೂ ಒಡೆಯದಂತೆ ಅಂಕಿಗಳನ್ನು ಆರಿಸಿಕೊಂಡ ಆ ಮೇಷ್ಟರ ಜಾಣ್ಮೆಗೆ ನಾನು ತಲೆದೂಗಿದೆ.

ಇಂದಿನ ಕೈಪಿಡಿಯೊಂದರಲ್ಲಿ 'ನಡುವೆ ಕೆಲವರು ಬಿಟ್ಟುಹೋದರು' ಎಂಬ ಲೆಕ್ಕ ಬಂದರೆ ನಾವು ಹಾಗೆ ಮಾಡುವುದಿಲ್ಲ, ಆಳು-ದಿನಗಳನ್ನು ಎಣಿಸುತ್ತೇವೆ. ಅದೇ ರೀತಿ ಇಲ್ಲಿ ಆಳು-ಹಂತಗಳನ್ನು ಎಣಿಸಿದರೆ 20 + 18 + 15 + 10 = 63. 720ನ್ನು 63ರಿಂದ ಭಾಗಿಸಿದರೆ ಹಂತಕ್ಕೆ ಸುಮಾರು 11.43. ಆಗ ಮೊದಲು ಹೋದವನಿಗೆ 9ರ ಬದಲು 11.43, ಕೊನೆಯವರೆಗೆ ನಿಂತವನಿಗೆ 49ರ ಬದಲು 45.71. ಎರಡೂ ಬೀಜಗಣಿತವೇ, ಎರಡರಲ್ಲೂ ಕೂಡುವಿಕೆ ಸರಿಯಾಗಿದೆ, ಆದರೂ ಉತ್ತರ ಬೇರೆ. ಇದಕ್ಕೆ ಕಾರಣ, ಒಬ್ಬನು ಹೋದಾಗ ಅವನ ಪಾಲು ಎಲ್ಲಿಗೆ ಹೋಗುತ್ತದೆಂಬುದು. ಗೋಡೆ ಕಟ್ಟುವಲ್ಲಿ ಒಬ್ಬನು ಹೋದರೆ ಉಳಿದವರು ಹಿಂದಿನ ವೇಗದಲ್ಲಿಯೇ ಕಟ್ಟುತ್ತಾರೆ. ದಿನಗಳು ಮಾತ್ರ ಬೆಳೆಯುತ್ತವೆ. ಪಲ್ಲಕ್ಕಿಯು ಹಾಗಲ್ಲ. ಅದನ್ನು ದಾರಿಯಲ್ಲಿ ಅರ್ಧ ಇಳಿಸಿ ಅರ್ಧ ಹೊರಲು ಬಾರದು. ಹೋದವನ ಭಾರ ಅದೇ ಗಳಿಗೆಯಲ್ಲಿ ಉಳಿದವರ ಹೆಗಲಿಗೆ ಬೀಳುತ್ತದೆ. ಕೊನೆಯ ಹತ್ತು ಜನರು ಮೊದಲಿನ ಎರಡರಷ್ಟು ಹೊರುತ್ತಿದ್ದಾರೆ. ಆದುದರಿಂದಲೇ 9 ಇದ್ದದ್ದು 18 ಆಯಿತು. ಸಮೀಕರಣ ಬರೆಯುವ ಮೊದಲು 'ಇಲ್ಲಿ ಹಿಗ್ಗುವುದು ಕಾಲವೋ ಭಾರವೋ' ಎಂದು ಕೇಳಿಕೊಳ್ಳಬೇಕೆಂದು ನಾನು ಕಲಿತದ್ದು ಈ ಲೆಕ್ಕದಿಂದ.

ಇದು ನನಗೆ ಬರೀ ಪುಸ್ತಕದ ವಿಷಯವಲ್ಲ. ನನ್ನ ತಂದೆಯವರು ಮಾರುಕಟ್ಟೆಯ ಪ್ರಾಂಗಣದಲ್ಲಿ ಹಮಾಲಿ ಮಾಡುತ್ತಾರೆ. ಅವರ ಗ್ಯಾಂಗಿನಲ್ಲಿ ಓದು ಬಲ್ಲವರು ಕಡಿಮೆಯಾದ್ದರಿಂದ ತೊಗರಿಯ ಸುಗ್ಗಿಯಲ್ಲಿ ಸಂಜೆಯ ಪಾಲಿನ ಲೆಕ್ಕ ನನ್ನ ನೋಟುಪುಸ್ತಕಕ್ಕೆ ಬರುತ್ತದೆ. ಒಂದು ಲಾರಿಯನ್ನು ತೆಗೆದುಕೊಳ್ಳೋಣ (ಅಂಕಿಗಳು ಎಣಿಕೆಯ ಅನುಕೂಲಕ್ಕೆ ಆರಿಸಿದವು). 300 ಚೀಲ, ಚೀಲಕ್ಕೆ 6 ರೂಪಾಯಿ, ಒಟ್ಟು 1,800. ಆರು ಜನ ಏರಿಸತೊಡಗಿದರು. 120 ಚೀಲವಾದಮೇಲೆ ಒಬ್ಬನು ಹೋದನು. ಮಿಕ್ಕ 180 ಚೀಲವನ್ನು ಐವರು ಏರಿಸಿದರು. ಮಹಾವೀರನಂತೆ ಹಂತದ ಲೆಕ್ಕ ಹಾಕಿದರೆ ಮೊದಲ 720 ರೂಪಾಯಿ ಆರು ಪಾಲು, ತಲೆಗೆ 120. ಆಮೇಲಿನ 1,080 ಐದು ಪಾಲು, ತಲೆಗೆ 216. ಹೋದವನಿಗೆ 120, ಉಳಿದವರಿಗೆ 336.

ಗಂಟೆಯ ಲೆಕ್ಕದಲ್ಲಿ? ಒಬ್ಬೊಬ್ಬನು ಗಂಟೆಗೆ 20 ಚೀಲ ಏರಿಸುವನೆನ್ನೋಣ. ಆರು ಜನರಿಗೆ 120 ಚೀಲಕ್ಕೆ 1 ಗಂಟೆ. ಐವರಿಗೆ 180 ಚೀಲಕ್ಕೆ 1.8 ಗಂಟೆ. ಆಳು-ಗಂಟೆಗಳು 6 + 9 = 15; ಗಂಟೆಗೆ 120 ರೂಪಾಯಿ. ಹೋದವನಿಗೆ 120, ಉಳಿದವರಿಗೆ 2.8 ಗಂಟೆಗೆ 336. ಎರಡು ದಾರಿಯೂ ಒಂದೇ ಊರಿಗೆ ಬಂದವು! ಆದರೆ ಡ್ರೈವರನು ಹಾರನ್ ಒತ್ತುತ್ತ ನಿಂತಿದ್ದರೆ ಐವರೂ ಆರು ಜನರ ವೇಗದಲ್ಲಿಯೇ ಏರಿಸಬೇಕಾಗುತ್ತದೆ. ಆಗ ಎರಡನೆಯ ಭಾಗಕ್ಕೆ 1.8 ಅಲ್ಲ, 1.5 ಗಂಟೆ. ಆಳು-ಗಂಟೆ 13.5, ಗಂಟೆಗೆ 133 ರೂಪಾಯಿ 33 ಪೈಸೆ. ಹೋದವನಿಗೆ 133.33, ಉಳಿದವರಿಗೆ 333.33. ಓಡಿ ಓಡಿ ಚೀಲ ಹೊತ್ತವರಿಗೆ ಕಡಿಮೆ, ಇಲ್ಲದವನಿಗೆ ಹೆಚ್ಚು. ಲಾರಿಯು ಅವಸರದಲ್ಲಿ ಪಲ್ಲಕ್ಕಿಯಾಯಿತು. ಅಲ್ಲಿ ಗಡಿಯಾರ ಹಿಡಿದು ಹಂಚುವುದು ಸಲ್ಲದು.

ಆದರೆ ಅವನು ಹೋದದ್ದು ಸೊಂಟ ಹಿಡಿದುದರಿಂದಾದರೆ? ಅಂಥದೊಂದು ಸಂಜೆ ನಾನು 120 ಎಂದು ಓದಿ ಹೇಳಿದಾಗ ತಂದೆಯವರು, "ಲೆಕ್ಕ ಖರೇ ಅದ ಬಿಡವಾ. ಆದ್ರ ಅವ ಮನಸಿದ್ದು ಹೋಗಿಲ್ಲ. ಆರು ಪಾಲು ಹಾಕು" ಎಂದರು. ಯಾರೂ ಎದುರಾಡಲಿಲ್ಲ. ತಲೆಗೆ 300 ಬಿತ್ತು. ಸ್ವಂತ ಕೆಲಸಕ್ಕೆ ಹೋದವನಿಗೆ ಚೀಲದ ಲೆಕ್ಕ, ಪೆಟ್ಟಾಗಿ ಹೋದವನಿಗೆ ಪೂರ್ತಿ ಪಾಲು ಎಂಬುದು ಅವರ ಗ್ಯಾಂಗಿನ ಹಳೆಯ ಕಟ್ಟಳೆಯಂತೆ. ಉಳಿದ ಐವರು 36 ರೂಪಾಯಿಯಂತೆ ಬಿಟ್ಟುಕೊಟ್ಟರು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ವಿಮೆಯೆಂದು ಓದುವುದು ಇದನ್ನೇ ಅಲ್ಲವೆ? ಇಲ್ಲಿ ಕಂತು ಕಟ್ಟಿಸಿಕೊಳ್ಳುವ ಕಚೇರಿಯಿಲ್ಲ, ಅಷ್ಟೆ.

ಅದೇ 'ಲೀಲಾವತಿ'ಯಲ್ಲಿ ಇನ್ನೊಂದು ಮಾತು ನನ್ನ ಗಮನ ಸೆಳೆಯಿತು. ಅಗೆತ, ಇಟ್ಟಿಗೆಯ ಮತ್ತು ಕಲ್ಲಿನ ಒಟ್ಟಿಲು, ಮರ ಕೊಯ್ಯುವುದು, ಇವುಗಳ ಅಳತೆಯನ್ನು ಸೂತ್ರಗಳಿಂದ ಕಲಿಸಿದಮೇಲೆ ಭಾಸ್ಕರನು ಕೂಲಿಗೆ ಸೂತ್ರ ಕೊಡುವುದಿಲ್ಲ. ಅದು ಕೆಲಸಗಾರರ ಒಪ್ಪಿಗೆಯಿಂದಲೂ, ವಸ್ತುವಿನ ಮೆದು-ಗಡಸುಗಳಿಂದಲೂ ತೀರ್ಮಾನವಾಗತಕ್ಕದ್ದೆಂದು ಹೇಳಿ ಬಿಡುತ್ತಾನೆ. ಇದರ ಅರ್ಥ ಹತ್ತಿ ಬಿಡಿಸುವ ನನ್ನ ತಾಯಿಗೆ ಚೆನ್ನಾಗಿ ಗೊತ್ತು. ಮೊದಲ ಸಲ ಬಿಡಿಸುವಾಗ ಗಿಡದ ತುಂಬ ಕಾಯಿ ಒಡೆದಿರುತ್ತದೆ, ಕಿಲೋ ಬೇಗ ತುಂಬುತ್ತದೆ. ಕೊನೆಯ ಸಲ ಅಲ್ಲೊಂದು ಇಲ್ಲೊಂದು ಕಾಯಿ. ನಡಿಗೆ ಅಷ್ಟೇ, ಬಿಸಿಲು ಅಷ್ಟೇ, ತೂಕ ಮಾತ್ರ ಅರ್ಧ. ಕಿಲೋದ ದರ ಏರದಿದ್ದರೆ ದಿನದ ಕೂಲಿ ತಾನಾಗಿ ಇಳಿಯುತ್ತದೆ. ಇದಕ್ಕಾಗಿಯೇ 1948ರ ಕನಿಷ್ಠ ವೇತನ ಕಾಯಿದೆಯಲ್ಲಿ, ತುಂಡು ಲೆಕ್ಕದಲ್ಲಿ ದುಡಿಯುವವರಿಗೂ ಕಾಲದ ಲೆಕ್ಕದಲ್ಲಿ ಇಷ್ಟಕ್ಕೆ ಕಡಿಮೆಯಾಗಬಾರದೆಂಬ ದರವನ್ನು ಗೊತ್ತುಮಾಡಲು ಅವಕಾಶವಿಟ್ಟಿದ್ದರು. ಆ ಕಾಯಿದೆಯ ಸ್ಥಾನಕ್ಕೆ ತಂದ 2019ರ ವೇತನ ಸಂಹಿತೆಯಲ್ಲಿಯೂ ಆ ಏರ್ಪಾಡು ಉಳಿದಿದೆ. ಬೀಜಗಣಿತದಲ್ಲಿ ಹೇಳುವುದಾದರೆ ಕೂಲಿಯು ಎರಡು ಸಂಖ್ಯೆಗಳಲ್ಲಿ ದೊಡ್ಡದು: ದರವನ್ನು ತೂಕದಿಂದ ಗುಣಿಸಿದ್ದು ಒಂದು, ದಿನದ ಕನಿಷ್ಠ ಮೊತ್ತ ಇನ್ನೊಂದು.

ಇಲ್ಲಿಯೇ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. '3 ಜನ ಗಂಡಸರು ಅಥವಾ 5 ಜನ ಹೆಂಗಸರು ಒಂದು ಕೆಲಸವನ್ನು ಇಷ್ಟು ದಿನಗಳಲ್ಲಿ ಮಾಡಿದರೆ' ಎಂದು ಶುರುವಾಗುವ ಲೆಕ್ಕಗಳನ್ನು ನಾವೆಲ್ಲ ಬಿಡಿಸಿದ್ದೇವೆ. ಯಾವ ಕೆಲಸವೆಂದು ಮಾತ್ರ ಅವು ಹೇಳುವುದಿಲ್ಲ. ಹತ್ತಿಯ ಹೊಲದಲ್ಲಿ ಸಂಜೆ ತಕ್ಕಡಿಯ ಮುಂದೆ ನಿಂತವರು ಈ 3ಕ್ಕೆ 5ನ್ನು ನಗುತ್ತ ಕೇಳಿಯಾರು. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿಯೆಂದು 1976ರಲ್ಲಿಯೇ ಸಮಾನ ಸಂಭಾವನೆಯ ಕಾಯಿದೆ ಬಂತು. ಲೆಕ್ಕದ ಪುಸ್ತಕಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿದಂತಿಲ್ಲ. 'ಒಬ್ಬ ಚುರುಕು ಕೆಲಸಗಾರ, ಒಬ್ಬ ನಿಧಾನದ ಕೆಲಸಗಾರ' ಎಂದು ಬರೆದರೆ ಸಮೀಕರಣಕ್ಕೆ ಯಾವ ಕೊರತೆಯೂ ಆಗದು.

ಓದುಗರಿಗೆ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ಇದು ಪಲ್ಲಕ್ಕಿಯದೇ, ಆದರೆ ನನ್ನದು. 9 ಜನರು 6 ಕ್ರೋಶಕ್ಕೆ 360 ದೀನಾರ ಒಪ್ಪಿ ಹೊರಟರು. 3 ಕ್ರೋಶ ನಡೆದಮೇಲೆ ದಾರಿಹೋಕನೊಬ್ಬನು ಬಂದು ಹೆಗಲು ಕೊಟ್ಟನು. ಅವನಿಗೆಷ್ಟು, ಇವರಿಗೆಷ್ಟು? ಆಚಾರ್ಯನ ದಾರಿಯಲ್ಲಿ ಹೋದರೆ ಹೊಸಬನಿಗೆ 18, ಹಳಬರಿಗೆ ತಲಾ 38 ಬರಬೇಕು. ಅವನು ಬಾರದಿದ್ದರೆ ಇವರಿಗೆ 40 ಸಿಗುತ್ತಿತ್ತು. ಎರಡು ದೀನಾರಕ್ಕೆ ಹೆಗಲ ಭಾರದ ಹತ್ತನೆಯ ಒಂದು ಪಾಲನ್ನು 3 ಕ್ರೋಶದವರೆಗೆ ಇಳಿಸಿಕೊಂಡದ್ದು ಲಾಭವೋ ನಷ್ಟವೋ ಎಂಬುದನ್ನು ನನ್ನ ತಂದೆಯವರ ಗ್ಯಾಂಗಿನಲ್ಲಿ ಕೇಳಿದೆ. ಐವರು ಲಾಭವೆಂದರು, ಒಬ್ಬರು ದಾರಿ ಏರೋ ಇಳಿಜಾರೋ ಹೇಳು ಎಂದರು.