ಕೋಚ್ ಪಕ್ಕದಲ್ಲಿ ಕುಳಿತವರು

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೋ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲೋ ಅಂತರ ಕಾಲೇಜು ವಾಲಿಬಾಲ್ ಪಂದ್ಯ ನೋಡಲು ಹೋದಾಗ, ಒಮ್ಮೆ ಚೆಂಡಿನಿಂದ ಕಣ್ಣು ಕಿತ್ತು ತಂಡದ ಬೆಂಚಿನ ಕಡೆ ನೋಡಿ. ಕೋಚ್ ಎದ್ದು ನಿಂತು ಕೂಗುತ್ತಿರುತ್ತಾರೆ. ಅವರ ಪಕ್ಕದಲ್ಲಿ ಒಬ್ಬರು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಮಾತಿಲ್ಲದೆ ಏನೋ ಗುರುತು ಹಾಕುತ್ತಿದ್ದರೆ, ಬಹುಮಟ್ಟಿಗೆ ಅವರೇ ಸಹಾಯಕ ಕೋಚ್. ಅವರ ಮೌನಕ್ಕೆ ನಿಯಮವೇ ಕಾರಣ. ಅಂತರರಾಷ್ಟ್ರೀಯ ವಾಲಿಬಾಲ್ ನಿಯಮದಂತೆ ಸಹಾಯಕ ಕೋಚ್ ಬೆಂಚಿನಲ್ಲಿ ಕೂರಬಹುದು, ಪಂದ್ಯದಲ್ಲಿ ತಲೆಹಾಕುವ ಹಕ್ಕು ಅವರಿಗಿಲ್ಲ.

ಹಾಗಾದರೆ ಅವರ ಕೆಲಸವೇನು? ಆ ಜಾಗಕ್ಕೆ ತಲುಪುವುದು ಹೇಗೆ? ನಿಮಗೆ ಆಟದ ಪರಿಚಯವೇ ಇಲ್ಲವೆಂದುಕೊಂಡು ಮೊದಲಿನಿಂದ ಶುರು ಮಾಡೋಣ.

ಅಂಕಣದ ಉದ್ದ 18 ಮೀಟರ್, ಅಗಲ 9 ಮೀಟರ್. ನಡುವಿನ ನೆಟ್ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್ ಎತ್ತರ. ಒಂದೊಂದು ಕಡೆ ಆರು ಜನ. ಚೆಂಡು ನಿಮ್ಮ ಕಡೆ ಬಂದರೆ ಹೆಚ್ಚೆಂದರೆ ಮೂರು ಸಲ ಮುಟ್ಟಿ ಆಚೆ ದಾಟಿಸಬೇಕು. ನೆಟ್ ಬಳಿ ಜಿಗಿದು ಕೈಯೊಡ್ಡುವ ಬ್ಲಾಕ್ ಈ ಲೆಕ್ಕಕ್ಕೆ ಸೇರದು. ಎದುರಾಳಿಯ ಸರ್ವಿಸನ್ನು ಮುಂಗೈಗಳ ಮೇಲೆ ತೆಗೆದುಕೊಳ್ಳುವ ಮೊದಲ ಸ್ಪರ್ಶವೇ ಪಾಸ್. ಆ ಚೆಂಡನ್ನು ನೆಟ್ ಬಳಿ ಎತ್ತಿ ಕೊಡುವುದು ಲಿಫ್ಟ್. ಕೊಡುವವರು ಲಿಫ್ಟರ್, ಇವರಿಗೆ ಸೆಟ್ಟರ್ ಎಂದೂ ಹೆಸರು. ಜಿಗಿದು ಹೊಡೆಯುವ ಮೂರನೆಯ ಏಟು ಸ್ಮ್ಯಾಶ್. ಚಪ್ಪಾಳೆ ಸ್ಮ್ಯಾಶ್‌ಗೆ ಬೀಳುತ್ತದೆ. ಆದರೆ ಪಾಸ್ ಕೆಟ್ಟರೆ ಲಿಫ್ಟ್ ಕೆಡುತ್ತದೆ, ಲಿಫ್ಟ್ ಕೆಟ್ಟರೆ ಸ್ಮ್ಯಾಶ್ ಕೆಡುತ್ತದೆ.

ಈಗ ಆ ನೋಟ್‌ಬುಕ್ ತೆರೆಯೋಣ. ಪ್ರತಿ ಪಾಸ್‌ಗೂ ಸಹಾಯಕ ಕೋಚ್ ಒಂದು ಅಂಕ ಬರೆಯುತ್ತಾರೆ. ಲಿಫ್ಟರ್ ಯಾವ ಹೊಡೆತಗಾರನಿಗೆ ಬೇಕಾದರೂ ಕೊಡಬಹುದಾದಷ್ಟು ಒಳ್ಳೆಯ ಪಾಸ್‌ಗೆ 3. ಆಯ್ಕೆ ಎರಡಕ್ಕೆ ಇಳಿದರೆ 2. ಹೇಗೋ ಎತ್ತಿ ಒಬ್ಬನಿಗೇ ಕೊಡಬೇಕಾದರೆ 1. ಪಾಯಿಂಟೇ ಹೋದರೆ 0. ಒಬ್ಬ ಹುಡುಗ 12 ಸರ್ವಿಸ್ ತೆಗೆದುಕೊಂಡ ಎನ್ನಿ: 4 ಸಲ ಮೂರು, 3 ಸಲ ಎರಡು, 3 ಸಲ ಒಂದು, 2 ಸಲ ಸೊನ್ನೆ. ಒಟ್ಟು 21, ಸರಾಸರಿ 1.75. ಇಷ್ಟಕ್ಕೆ ನಿಲ್ಲಿಸಿದರೆ ಅದು ಬರೀ ಲೆಕ್ಕ. ಆ ಎರಡು ಸೊನ್ನೆಗಳು ಎಲ್ಲಿ ಬಂದವು ಎಂದು ಹುಡುಕಿದಾಗ, ಎರಡೂ ಎಡ ಭುಜದ ಕಡೆ ಬಂದ ಚೆಂಡುಗಳು ಎಂದು ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಸಹಾಯಕ ಕೋಚ್ ಅದೇ ಹುಡುಗನ ಎಡ ಭುಜಕ್ಕೆ ಐವತ್ತು ಚೆಂಡು ಎಸೆಯುತ್ತಾರೆ. ಪಂದ್ಯದಲ್ಲಿ ಆಡಲಾಗದ ಮಾತನ್ನು ಅವರು ಆಡುವುದು ಹೀಗೆ.

ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಇನ್ನೊಂದು ಮುಖವಿದೆ. ಇಲ್ಲಿನ ಹಳ್ಳಿಗಳಿಂದ ಬರುವ ಹಲವರ ಕೈ ಶೂಟಿಂಗ್ ವಾಲಿಬಾಲ್‌ಗೆ ಒಗ್ಗಿರುತ್ತದೆ. ಅದರಲ್ಲಿ ಎರಡೂ ಕೈ ಜೋಡಿಸಿ ಒಂದೇ ಏಟಿಗೆ ಚೆಂಡನ್ನು ಆಚೆ ದಾಟಿಸುವ ರೂಢಿ. ಅಂಥವರಿಗೆ ಚೆಂಡನ್ನು ಹೊಡೆಯದೆ ಮೆಲ್ಲಗೆ ಲಿಫ್ಟರ್‌ನ ಕೈಗೆ ಒಪ್ಪಿಸುವುದನ್ನು ಕಲಿಸಲು ತಿಂಗಳುಗಳ ತಾಳ್ಮೆ ಬೇಕು. ಜೊತೆಗೆ ಎರೆ ಮಣ್ಣು: ಮಳೆಯಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಂಕಣಕ್ಕೆ ಗರಸು ಹಾಕಿಸಿ, ನೀರು ಹೊಡೆಸಿ, ಸುಣ್ಣದ ಗೆರೆ ಎಳೆಸುವುದೂ ಸಹಾಯಕರ ಪಾಲಿಗೇ ಬರುತ್ತದೆ.

ಇನ್ನು ದಾರಿಯ ವಿಷಯ. ಅಮೆರಿಕದ ಕಾಲೇಜುಗಳಲ್ಲಿ ಸಹಾಯಕ ಕೋಚ್ ಎಂಬುದು ಸಂಬಳದ ಹುದ್ದೆ. ನಮ್ಮ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಮಾತ್ರ. ಕಬಡ್ಡಿ, ಕೊಕ್ಕೊ, ಅಥ್ಲೆಟಿಕ್ಸ್, ವಾಲಿಬಾಲ್ ಎಲ್ಲವೂ ಅವರೊಬ್ಬರ ತಲೆಯ ಮೇಲೆ. ಆದ್ದರಿಂದ ಅವರ ಪಕ್ಕದಲ್ಲಿ ಕೂರುವವರು ಹೆಚ್ಚಾಗಿ ಹಳೆಯ ಆಟಗಾರರು ಅಥವಾ ದೈಹಿಕ ಶಿಕ್ಷಣ ಓದುತ್ತಿರುವವರು. ಇಲ್ಲಿ ಮೊದಲು ಕೆಲಸ, ಆಮೇಲೆ ಹುದ್ದೆ. ಮೆಟ್ಟಿಲು ನಾಲ್ಕು.

ಮೊದಲನೆಯದು, ಆಡಿ. ಕಾಲೇಜು ತಂಡದಿಂದ ಅಂತರ ಕಾಲೇಜು ಪಂದ್ಯಕ್ಕೆ, ಅಲ್ಲಿ ಆಯ್ಕೆಯಾದರೆ 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ. ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ, ನಾಲ್ಕನೆಯ ಮೆಟ್ಟಿಲಲ್ಲಿ ಅವನ್ನು ಕೇಳುತ್ತಾರೆ.

ಎರಡನೆಯದು, ಓದಿ. ಪದವಿಯ ನಂತರ ಎರಡು ವರ್ಷದ ಬಿ.ಪಿ.ಎಡ್., ಮತ್ತೆರಡು ವರ್ಷದ ಎಂ.ಪಿ.ಎಡ್. ಇವು ಎಲ್ಲ ಆಟಗಳನ್ನೂ ಕಲಿಸಬಲ್ಲ ಶಿಕ್ಷಕರನ್ನು ರೂಪಿಸುತ್ತವೆ.

ಮೂರನೆಯದು, ಒಂದೇ ಆಟದ ಆಳಕ್ಕಿಳಿಯಿರಿ. 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾವನ್ನೇ ಜನ 'ಎನ್‌ಐಎಸ್' ಎನ್ನುವುದು. ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ಮುಂದೆ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟದ ಮೂರು ಹಂತದ ಕೋಚಿಂಗ್ ಕೋರ್ಸ್‌ಗಳಿವೆ.

ನಾಲ್ಕನೆಯದು, ಹುದ್ದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಯುಜಿಸಿ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ನೆಟ್ ಅಥವಾ ಕೆಸೆಟ್ ಪರೀಕ್ಷೆಯ ಅರ್ಹತೆ, ಆಡಿದ ದಾಖಲೆ ಮತ್ತು ದೈಹಿಕ ಕ್ಷಮತೆಯ ಪರೀಕ್ಷೆ ಬೇಕು. 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು. ನೀವು ಈ ಭಾಗದವರಾದರೆ 371(ಜೆ) ಅರ್ಹತಾ ಪ್ರಮಾಣಪತ್ರವನ್ನೂ ಮಾಡಿಸಿಡಿ. ಸರ್ಕಾರಿ ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾದ ಸ್ಥಾನಗಳಿಗೆ ಅದು ಬೇಕು.

ಕಮಲಾಪುರದಲ್ಲಿದ್ದು ನಗರದ ಬೆಳಗಿನ ಅಭ್ಯಾಸಕ್ಕೆ ಬಸ್ ಸಿಗುವುದಿಲ್ಲ ಎಂದು ಕೈ ಚೆಲ್ಲಬೇಡಿ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ನಿಮ್ಮೂರ ಹೈಸ್ಕೂಲಿನ ಮಕ್ಕಳನ್ನು ಸಂಜೆ ಒಟ್ಟುಗೂಡಿಸಿ, ದಸರಾ ಕ್ರೀಡಾಕೂಟದ ತಾಲ್ಲೂಕು ಹಂತಕ್ಕೆ ಒಂದು ತಂಡ ಕಟ್ಟಿ ನೋಡಿ. ಕಲಿಸುವುದನ್ನು ಕಲಿಯಲು ಯಾರ ನೇಮಕಾತಿ ಆದೇಶವೂ ಬೇಕಿಲ್ಲ.

ಮೊದಲು ಹೇಳಿದ ನಿಯಮದ ಉಳಿದರ್ಧ ಹೀಗಿದೆ: ಕೋಚ್ ಯಾವುದೋ ಕಾರಣಕ್ಕೆ ತಂಡವನ್ನು ಬಿಟ್ಟು ಹೋಗಬೇಕಾದರೆ, ನಾಯಕ ರೆಫರಿಗೆ ತಿಳಿಸಿ ಖಚಿತಪಡಿಸಿದ ಮೇಲೆ ಸಹಾಯಕ ಕೋಚ್ ಆ ಹೊಣೆ ಹೊರಬಹುದು. ಆ ಗಳಿಗೆಯಲ್ಲಿ ಅವರ ಬಳಿ ಇರುವ ಬಂಡವಾಳ ಆ ನೋಟ್‌ಬುಕ್ ಒಂದೇ.

ಆದ್ದರಿಂದ ಮುಂದಿನ ಪಂದ್ಯಕ್ಕೆ ಹೋಗುವಾಗ ನೀವೂ ಒಂದನ್ನು ಒಯ್ಯಿರಿ. ಒಬ್ಬನೇ ಆಟಗಾರನನ್ನು ಆರಿಸಿಕೊಂಡು ಅವನ ಪಾಸ್‌ಗಳಿಗೆ ಮಾತ್ರ ಅಂಕ ಹಾಕಿ. ಎರಡು ಸೆಟ್ ಮುಗಿಯುವಷ್ಟರಲ್ಲಿ ನೀವು ಚೆಂಡನ್ನು ಬಿಟ್ಟು ಅವನ ಪಾದಗಳನ್ನು ನೋಡುತ್ತಿರುತ್ತೀರಿ.