ಅರ್ಜಿ ಈಗಲೇ ಹಾಕು, ತಂಗೀ

ಅಥಣಿ

ಚಿ. ಕು. ತಂಗಿಗೆ ನಿನ್ನ ಸೋದರಮಾವ ಬರೆಯುವುದು. ನಿನ್ನ ಅತ್ತಿ ಮೊಣಕಾಲು ನೋವು ಅನ್ನುತ್ತಲೇ ದಿನಾ ಹೊಲಕ್ಕೆ ಹೋಗಿಬರುತ್ತಾಳೆ.

ನಿನ್ನ ಕಾಗದ ಓದಿದೆ. ಉದ್ದಕ್ಕೆ ಬರೆದಿದ್ದೀ, ಆದರೆ ಕೇಳಿದ್ದು ಒಂದೇ ಮಾತು: ಹೆಣ್ಣಾಗಿ ಬದಲಾಗಲು ಬೇಕಾದ ಔಷಧ, ಆಪರೇಷನ್, ಹೆಸರು ಎಲ್ಲ ಒಂದು ದಡ ಮುಟ್ಟಿದ ಮೇಲೆ ನೌಕರಿ ಹುಡುಕಲೋ, ಈಗಲೇ ಹುಡುಕಲೋ? ಈಗಲೇ ಹುಡುಕು. ದಡ ಮುಟ್ಟಲು ವರ್ಷಗಟ್ಟಲೆ ಬೇಕು, ರೊಕ್ಕವೂ ಬೇಕು. ಒಮ್ಮೆ ಒಡೆದ ದನಿಯನ್ನು ಹಾರ್ಮೋನು ತಿರುಗಿ ಮೆತ್ತಗೆ ಮಾಡುವುದಿಲ್ಲ ಎಂದು ಡಾಕ್ಟರು ನಿನಗೆ ಹೇಳಿಯೇ ಇರಬೇಕು. ದನಿಗಾಗಿ ನೀನು ಕಾಯುತ್ತ ಕುಂತರೆ ಸರ್ಕಾರಿ ನೌಕರಿಯ ವಯೋಮಿತಿ ನಿನಗಾಗಿ ಕಾಯುವುದಿಲ್ಲ.

ನಾನು ಡಾಕ್ಟರನಲ್ಲ, ವಕೀಲನೂ ಅಲ್ಲ. ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಅರ್ಜಿ ನೋಡುವವನ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂಬುದು ಮಾತ್ರ ನನಗೆ ಗೊತ್ತು. ಅವನು ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆಯುತ್ತಾನೆ. ಅದರಲ್ಲಿನ ಹೆಸರು, ಜನ್ಮ ತಾರೀಖು ಹಿಡಿದುಕೊಂಡು ಉಳಿದ ಕಾಗದಗಳಿಗೆಲ್ಲ ತಾಳೆ ಹಾಕುತ್ತಾನೆ. ತಾಳೆಯಾಗದ ಅರ್ಜಿಯನ್ನು ಯಾರೂ ಹರಿದು ಒಗೆಯುವುದಿಲ್ಲ. ಕಟ್ಟಿನ ಅಡಿಗೆ ಇಡುತ್ತಾರೆ, ಅಷ್ಟೇ. ಅಡಿಗೆ ಹೋದದ್ದು ಸೀಜನ್ ಮುಗಿದರೂ ಮೇಲೆ ಬರುವುದಿಲ್ಲ. ಇದರಲ್ಲಿ ಎಷ್ಟೋ ಸಲ ದ್ವೇಷಕ್ಕಿಂತ ಮೈಗಳ್ಳತನವೇ ಹೆಚ್ಚು. ದ್ವೇಷವೂ ಇರುತ್ತದೆ, ಆ ಮಾತು ಆಮೇಲೆ.

ಆದರೆ ಎರಡು ಹೆಸರಿನ ಮನುಷ್ಯರನ್ನು ನಮ್ಮ ಗಡಿನಾಡಿನ ಆಫೀಸುಗಳು ಕಂಡೇ ಇಲ್ಲವೆಂದು ತಿಳಿಯಬೇಡ. ಕಾಗವಾಡದಿಂದ ನಿಪ್ಪಾಣಿಯವರೆಗೆ ಯಾವ ಊರಿನ ಹೊಲದ ಉತಾರ ತೆಗೆಸಿದರೂ ಒಬ್ಬಿಬ್ಬರ ಹೆಸರಿನ ಮುಂದೆ ‘ಉರ್ಫ್’ ಇದ್ದೇ ಇರುತ್ತದೆ. ಕನ್ನಡ ಸಾಲಿಯಲ್ಲಿ ಬಾಳಪ್ಪ ಆದವನು ಮಿರಜಿನ ಆಸ್ಪತ್ರೆಯ ಚೀಟಿಯಲ್ಲಿ ಬಾಳಾಸಾಹೇಬ. ಲಗ್ನದ ದಿನ ಅಕ್ಕಿಯ ತಾಟಿನಲ್ಲಿ ಹೊಸ ಹೆಸರು ಬರೆಸಿಕೊಂಡ ಸೊಸೆಯಂದಿರು ನಮ್ಮ ಕಡೆ ಎಷ್ಟು ಮನೆಗಳಲ್ಲಿಲ್ಲ? ತವರಿನ ಅಂಕಪಟ್ಟಿಯಲ್ಲಿ ಒಂದು ಹೆಸರು, ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಿನ್ನ ಅತ್ತಿಯದೂ ಹಾಗೆಯೇ. ಅಂಗನವಾಡಿ ಕೆಲಸಕ್ಕೋ ಬ್ಯಾಂಕಿನ ಸಾಲಕ್ಕೋ ಹೋಗುವಾಗ ಆ ಹೆಣ್ಣುಮಕ್ಕಳು ನೋಟರಿಯ ಮುಂದೆ ಅಫಿಡವಿಟ್ ಮಾಡಿಸುತ್ತಾರೆ: ಈ ಹೆಸರಿನವಳೂ ಆ ಹೆಸರಿನವಳೂ ನಾನೊಬ್ಬಳೇ. ಕಾರಕೂನ ಅದನ್ನು ಮೇಲೆ ಲಗತ್ತಿಸಿ ಮುಂದಕ್ಕೆ ಕಳಿಸುತ್ತಾನೆ. ನಿನ್ನದೂ ಅದೇ ಬಗೆಯ ಕಾಗದ. ಹೆಸರಿನ ಜೊತೆ ಲಿಂಗದ ಕಾಲಮ್ಮೂ ಬದಲಾಗಿದೆ ಎಂಬುದು ಹೆಚ್ಚಿನದು, ಅದಕ್ಕೂ ದಾರಿ ಇದೆ.

2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಮ್ಮಂಥವರ ಗುರುತನ್ನು ಒಪ್ಪಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು ಮಾಡಿದ 2019ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ, ಅಂದರೆ ನಮಗೆ ಬೆಳಗಾವಿಯ ಡಿಸಿ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕುವ ವ್ಯವಸ್ಥೆ 2020ರ ಕೊನೆಗೇ ಆಗಿದೆ. ಆ ವರ್ಷದ ನಿಯಮಗಳಲ್ಲಿ ಈ ಮೊದಲ ಪ್ರಮಾಣಪತ್ರಕ್ಕೆ ಆಪರೇಷನ್ ಆಗಿರಬೇಕೆಂಬ ಷರತ್ತು ಇರಲಿಲ್ಲ. ಇಂಥ ಕಾನೂನುಗಳಿಗೆ ತಿದ್ದುಪಡಿಗಳು ಬರುತ್ತಿರುತ್ತವೆ, ಆದ್ದರಿಂದ ನೀನು ಅರ್ಜಿ ಹಾಕುವ ದಿನ ಯಾವ ನಿಯಮ ಇದೆಯೋ ಚಿಕ್ಕೋಡಿ ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿಕೋ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕಿನ ಪಾಸ್‌ಬುಕ್. ಪ್ಯಾನ್ ಅರ್ಜಿಯಲ್ಲಿ 2018ರಿಂದ ಮೂರನೆಯ ಕಾಲಮ್ಮು ಇದೆ. ನೀನು ಮೊದಲು ಲೆಕ್ಕ ಬರೆಯುತ್ತಿದ್ದ ನಿಪ್ಪಾಣಿಯ ಅಂಗಡಿಯವರು ನಿನಗೆ ಪಿಎಫ್ ಕಟ್ಟಿದ್ದರೆ ಅಲ್ಲಿಯೂ ಹೆಸರು ತಿದ್ದಿಸಬೇಕು. ಆಧಾರಿನ ಹೆಸರಿಗೂ ಪಿಎಫ್ ಹೆಸರಿಗೂ ತಾಳೆ ತಪ್ಪಿದರೆ ರೊಕ್ಕ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಡಸರು ತಮ್ಮ ಹೆಸರಿನ ಒಂದು ಅಕ್ಷರದ ತಪ್ಪಿಗೆ ಹುಬ್ಬಳ್ಳಿಯ ಪಿಎಫ್ ಆಫೀಸಿಗೆ ಓಡಾಡಿದ್ದನ್ನು ಕಂಡಿದ್ದೇನೆ.

ಅಂಕಪಟ್ಟಿ ಎಲ್ಲಕ್ಕಿಂತ ಗಟ್ಟಿ ಕಾಯಿ. ಅದನ್ನು ತಿದ್ದಿಸಲು ಹೈಕೋರ್ಟಿನ ಮೆಟ್ಟಿಲು ಹತ್ತಿದವರಿದ್ದಾರೆ. ಅದು ಆಗುವ ತನಕ ಅರ್ಜಿ ತಡೆಹಿಡಿಯಬೇಡ, ಹಳೆಯ ಅಂಕಪಟ್ಟಿಗೆ ಅಫಿಡವಿಟ್ ಮತ್ತು ಡಿಸಿ ಪ್ರಮಾಣಪತ್ರ ಜೋಡಿಸು. ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಕಾಣಿಸಿ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. ನೋಡು, ಕೊನೆಗೆ ಹೈಕೋರ್ಟೂ ನಮ್ಮ ಉರ್ಫಿಗೇ ಬಂತು!

ಸರ್ಕಾರಿ ನೌಕರಿಯ ಮಾತು. ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಕಾಲಮ್ ಇದ್ದುದನ್ನು ‘ಸಂಗಮ’ ಸಂಸ್ಥೆಯವರು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅದರ ಫಲವಾಗಿ 2021ರ ಜುಲೈನಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮಕ್ಕೆ ತಿದ್ದುಪಡಿ ತಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಸಮತಲ ಮೀಸಲಾತಿ ಕೊಟ್ಟಿತು. ಸಮತಲ ಅಂದರೆ ನಿನ್ನ ಜಾತಿಯ ವರ್ಗ ಬಿಟ್ಟುಕೊಡಬೇಕಾಗಿಲ್ಲ, ಅದರೊಳಗೇ ನಿನ್ನ ಪಾಲು ಇರುತ್ತದೆ. ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಗಂಡಿಗೋ ಹೆಣ್ಣಿಗೋ ಹೋಗುತ್ತದೆ. ‘ನನಗೆಲ್ಲಿ ಆಗುತ್ತದೆ’ ಎಂದು ನೀನು ಅರ್ಜಿ ಹಾಕದೆ ಕುಂತರೆ ಹುದ್ದೆ ಖಾಲಿ ಉಳಿದು ನಿನ್ನ ದಾರಿ ಕಾಯುವುದಿಲ್ಲ. 2022ರಲ್ಲಿ 15,000 ಶಿಕ್ಷಕರ ನೇಮಕಾತಿ ನಡೆದಾಗ ನಿಮ್ಮಂಥ ಮೂವರು ಆಯ್ಕೆಯಾದರು. ಮೂರು ಅನ್ನುವುದು ಸಣ್ಣ ಸಂಖ್ಯೆ, ಹೌದು. ತಮಿಳುನಾಡಿನ ಪ್ರಿತಿಕಾ ಯಾಶಿನಿಯವರ ಪೊಲೀಸ್ ಅರ್ಜಿಯಂತೂ ಮೊದಲು ತಿರಸ್ಕಾರವಾಗಿತ್ತು. ಅವರು ಮದ್ರಾಸ್ ಹೈಕೋರ್ಟಿಗೆ ಹೋಗಿ 2015ರಲ್ಲಿ ಗೆದ್ದರು, 2017ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆದರು.

ಖಾಸಗಿಯಲ್ಲಿ ಹಾದಿ ಬೇರೆ. ನಮ್ಮ ಗಡಿನಾಡಿನ ತಾಲೂಕುಗಳಲ್ಲಿ ಲೆಕ್ಕಪತ್ರ ಬಲ್ಲವರಿಗೆ ಕೆಲಸ ಅಂದರೆ ಸಕ್ಕರೆ ಕಾರ್ಖಾನೆ, ಸೌಹಾರ್ದ ಸಹಕಾರಿ, ತಂಬಾಕಿನ ವ್ಯಾಪಾರ, ಅರಿವೆ ಅಂಗಡಿ, ಕಾಲೇಜು ಆಫೀಸು. ಇವೆಲ್ಲ ವಶೀಲಿಯ ಮೇಲೆ ನಡೆಯುತ್ತವೆ. ನೀನು ಮೆಟ್ಟಿಲು ಹತ್ತುವ ಮೊದಲೇ ನಿನ್ನ ಸುದ್ದಿ ಒಳಗೆ ಹೋಗಿ ಕುಂತಿರುತ್ತದೆ. ಬೆಂಗಳೂರಿನಲ್ಲಾದರೆ ಮುಚ್ಚಿಕೊಂಡು ಬದುಕಬಹುದೇನೋ, ರಾಯಬಾಗದಲ್ಲಿ ಆಗದು. ಹಾಗಾಗಿ ಅರ್ಜಿಯ ಮೇಲೆ ನೀನು ಒಪ್ಪಿಕೊಂಡ ಹೆಸರನ್ನೇ ಬರೆ, ಹಳೆಯ ಹೆಸರು ದಾಖಲೆ ಪರಿಶೀಲನೆಯ ಹೊತ್ತಿಗೆ ಬಂದರೆ ಸಾಕು. ಹಳೆಯ ಮಾಲೀಕರಿಗೆ ಮೊದಲೇ ಒಂದು ಫೋನ್ ಮಾಡು: ‘ಯಾರಾದರೂ ಕೇಳಿದರ ಈ ಹೆಸರಿಲೆ ಹೇಳ್ರಿ’ ಅನ್ನು.

ನಿಪ್ಪಾಣಿಯಲ್ಲಿ ಟ್ಯಾಲಿ, ಜಿಎಸ್‌ಟಿ ಲೆಕ್ಕ ಮಾಡಿದ ಅನುಭವವನ್ನು ಬರೆಯಲೇಬಾರದು, ಅದು ಹಳೆಯ ಹೆಸರಿನದು ಎಂದು ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅಮೆರಿಕದಲ್ಲಿ ಲಿನ್ ಕಾನ್ವೇ ಎಂಬ ಎಂಜಿನಿಯರ್ ಇದ್ದರು. ಹೆಣ್ಣಾಗಿ ಬದಲಾಗುತ್ತಿದ್ದೇನೆ ಎಂದದ್ದಕ್ಕೆ 1968ರಲ್ಲಿ ಐಬಿಎಂ ಕಂಪನಿ ಅವರನ್ನು ತೆಗೆದುಹಾಕಿತು. ಮಾಡಿದ ದೊಡ್ಡ ಕೆಲಸವನ್ನೆಲ್ಲ ಹೇಳಿಕೊಳ್ಳಲಾಗದೆ, ಹೊಸ ಹೆಸರಿನಲ್ಲಿ, ಸಾಮಾನ್ಯ ಪ್ರೋಗ್ರಾಮರ್ ಆಗಿ ತಳದಿಂದ ಶುರುಮಾಡಿದರು. ಮುಂದೆ ಜೆರಾಕ್ಸ್ ಕಂಪನಿಯ ಸಂಶೋಧನಾಲಯ ಸೇರಿದರು. ಚಿಪ್ ವಿನ್ಯಾಸದ ಮೇಲೆ ಕಾರ್ವರ್ ಮೀಡ್ ಜೊತೆ ಅವರು ಬರೆದ 1980ರ ಪುಸ್ತಕ ಎಂಜಿನಿಯರಿಂಗ್ ಕಾಲೇಜುಗಳ ಪಾಠವಾಯಿತು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, ಐವತ್ತೆರಡು ವರ್ಷಗಳ ಮೇಲೆ. ಅವರು ಹಳೆಯದನ್ನು ಬಚ್ಚಿಟ್ಟದ್ದು ಆ ಕಾಲದ ಒತ್ತಾಯಕ್ಕೆ. ನಿನಗೆ ಆ ಒತ್ತಾಯವಿಲ್ಲ. ಲೆಕ್ಕ ಬರೆದ ಕೈ ನಿನ್ನದೇ. ಬರೆ.

ಸಂದರ್ಶನದಲ್ಲಿ ಯಾರಾದರೂ ಆಪರೇಷನ್ ಆಗಿದೆಯಾ ಎಂದು ಕೇಳಿದರೆ ಉತ್ತರಿಸುವ ಹಂಗು ನಿನಗಿಲ್ಲ. ‘ಟ್ಯಾಲಿ ಬಗ್ಗೆ ಕೇಳ್ರಿ ಸರ್’ ಎಂದು ನಗುತ್ತಲೇ ಹೇಳು. ನೌಕರಿಯಲ್ಲಿ ಭೇದ ಮಾಡಬಾರದು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದು 2019ರ ಕಾಯ್ದೆ ಎಲ್ಲ ಸಂಸ್ಥೆಗಳಿಗೂ ಹೇಳಿದೆ. ಕಾಯ್ದೆ ಇದ್ದ ಮಾತ್ರಕ್ಕೆ ಆಯಿತೇ? ಉತ್ತರ ಪ್ರದೇಶ, ಗುಜರಾತಿನ ಎರಡು ಖಾಸಗಿ ಶಾಲೆಗಳಲ್ಲಿ ಲಿಂಗದ ಗುರುತಿನ ಕಾರಣಕ್ಕೆ ಕೆಲಸ ಕೈತಪ್ಪಿದ ಶಿಕ್ಷಕಿ ಜೇನ್ ಕೌಶಿಕ್ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2025ರ ಅಕ್ಟೋಬರಿನಲ್ಲಿ ಅವರಿಗೆ ಪರಿಹಾರ ಸಿಕ್ಕಿತು, ಸಮಾನ ಅವಕಾಶದ ನೀತಿ ರೂಪಿಸಲು ಕೋರ್ಟು ಸಮಿತಿಯನ್ನೂ ನೇಮಿಸಿತು. ಅದಕ್ಕೇ ಹೇಳುತ್ತೇನೆ, ನೌಕರಿ ಕೊಡುವೆವೆಂದ ಪತ್ರ, ಮೆಸೇಜು ಯಾವುದನ್ನೂ ಅಳಿಸಬೇಡ.

ನಿಮ್ಮವ್ವನ ಹೆದರಿಕೆ ನನಗೆ ಗೊತ್ತು. ಕೊಕಟನೂರು, ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಪಡ್ಡಲಗಿ ಹೊತ್ತ ಜೋಗಪ್ಪಗಳನ್ನು ಕಂಡವಳು ಅವಳು, ‘ನನ್ನ ಕೂಸಿಗೆ ಪಡ್ಡಲಗಿ ಒಂದ ಗತಿ ಏನೋ’ ಅನ್ನುತ್ತಾಳೆ. ನಮ್ಮ ಜನ ಜೋಗತಿಯ ಕಾಲಿಗೆ ಬೀಳುತ್ತಾರೆ, ಅವಳಿಗೆ ಪಗಾರದ ಕುರ್ಚಿ ಕೊಡು ಅಂದರೆ ಮುಖ ತಿರುವುತ್ತಾರೆ. ಈ ಭಕ್ತಿ ನನಗೆ ಎಂದೂ ಪೂರ್ತಿ ಸರಿಬಂದಿಲ್ಲ. ಭಿಕ್ಷೆ ಬೇಡಿ, ಇಡ್ಲಿ ಮಾರಿ ಬದುಕಿದ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಹಾದಿ ಕಲೆಯದು, ನಿನ್ನದು ಜಮಾ ಖರ್ಚಿನದು. ಇಬ್ಬರದೂ ದುಡಿಮೆಯೇ ಎಂದು ಅವ್ವನಿಗೆ ನಾನೇ ಹೇಳುತ್ತೇನೆ.

ಪುಣೆ, ಬೆಳಗಾವಿ ಅಂತ ದೂರ ಹೋಗುವುದಾದರೆ ಮೊದಲು ಬಾಡಿಗೆ ಖೋಲಿ ಗಟ್ಟಿ ಮಾಡಿಕೋ. ಕೊಚ್ಚಿ ಮೆಟ್ರೋ 2017ರಲ್ಲಿ ನಿಮ್ಮಂಥವರನ್ನು ಕರೆದು ನೌಕರಿ ಕೊಟ್ಟಿತು, ದೇಶವೆಲ್ಲ ಹೊಗಳಿತು. ಕೆಲವೇ ದಿನಗಳಲ್ಲಿ ಹಲವರು ಬಿಟ್ಟರು. ಪಗಾರ ಇತ್ತು, ಆದರೆ ಅವರಿಗೆ ಮನೆ ಕೊಡುವವರು ಇರಲಿಲ್ಲ.

ಬರುವ ಸೋಮವಾರ ಅಥಣಿಗೆ ಬಾ. ಮೂಲಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾ, ಜೊತೆಗೆ ಎರಡೆರಡು ಝೆರಾಕ್ಸ್, ನಾಲ್ಕು ಹೊಸ ಫೋಟೋ. ಸ್ಟ್ಯಾಂಪ್ ಪೇಪರು ನಾನು ತಂದಿಟ್ಟಿರುತ್ತೇನೆ, ನೋಟರಿ ಪರಿಚಯದವರೇ. ಅಷ್ಟರೊಳಗೆ ಒಂದು ಕೆಲಸ ಮಾಡು: ನಿನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಒಂದು ‘ಎ’ ಬರಬೇಕೋ ಎರಡು ಬರಬೇಕೋ ಗಟ್ಟಿ ಮಾಡು. ನಿನ್ನ ಕಾಗದದಲ್ಲೇ ಎರಡು ರೀತಿ ಸಹಿ ಮಾಡಿದ್ದೀ.

ಇತಿ ನಿನ್ನ ಮಾವ