ಕರೆಂಟು ಉಳಿಸಲು ಮನೆ ಅಡವಿಡುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ದಾವಣಗೆರೆ ನಗರ ಮತ್ತು ಹರಿಹರದ ಮನೆಮಾಲೀಕರ ಗಮನಕ್ಕೆ

ತಾರಸಿಗೆ ಸೋಲಾರ್ ಹಾಕಿಸಬೇಕು, ಹಳೇ ವೈರಿಂಗ್ ತೆಗೆಸಬೇಕು, ಬೇಸಿಗೆಯಲ್ಲಿ ಕಾಯುವ ಮೋಲ್ಡಿಗೆ ಏನಾದರೂ ಮಾಡಬೇಕು ಎಂದ ಕೂಡಲೇ ಒಂದು ಸಲಹೆ ಬರುತ್ತದೆ: ‘ಹೆಂಗೂ ಮನೆ ಸಾಲ ಐತಲ್ಲ, ಅದರ ಮೇಲೇ ಟಾಪ್‌ಅಪ್ ತಗಳ್ರಿ, ಬಡ್ಡಿ ಕಡಿಮೆ.’ ಬಡ್ಡಿ ಕಡಿಮೆ ಎಂಬುದು ನಿಜ. ಕಂತು ತಪ್ಪಿದರೆ ಬ್ಯಾಂಕು ಕೈ ಹಾಕುವುದು ಮನೆಗೇ ಎಂಬುದೂ ನಿಜ. ಹಾಗಾಗಿ ಈ ನಿಯಮ ನೆನಪಿಡಿ: ಗೋಡೆ, ತಾರಸಿಗೆ ಸೇರಿ ಮನೆಯ ಜೊತೆ ಬಾಳುವುದಕ್ಕೆ ಮನೆ ಸಾಲ, ಪ್ಲಗ್ಗಿಗೆ ಚುಚ್ಚುವುದಕ್ಕೆ ಕೈದುಡ್ಡು, 3 ಕಿಲೋವಾಟ್‌ವರೆಗಿನ ಸೋಲಾರಿಗೆ ಅಡಮಾನವಿಲ್ಲದ ಸಾಲ.

1. ಮೊದಲು ಬಿಲ್ಲು, ಆಮೇಲೆ ಬ್ಯಾಂಕು

ಮಾಡಬೇಕಾದ್ದು

- ಕಳೆದ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ತಿಂಗಳಿಗೆ ಎಷ್ಟು ಯೂನಿಟ್ ಸುಟ್ಟಿದೆ, ಎಷ್ಟು ಹಣ ಕಟ್ಟಿದ್ದೀರಿ ಎಂದು ಬರೆಯಿರಿ.
- ಗೃಹಜ್ಯೋತಿಯಲ್ಲಿ ನಿಮ್ಮ ಮಿತಿ ಎಷ್ಟೆಂದು ತಿಳಿಯಿರಿ. 2023ರ ಜುಲೈನಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆಯಲ್ಲ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿದರೆ ಬರುವುದೇ ಸಾಮಾನ್ಯವಾಗಿ ನಿಮ್ಮ ಪಾಲು. ಅದನ್ನು ಮೀರಿದರೆ ಹೆಚ್ಚಾದ ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.
- ಸಾಲವಿಲ್ಲದೆ ಆಗುವುದನ್ನು ಮೊದಲು ಮಾಡಿ. ಒಂದು ಮನೆಯ ಮಿತಿ 165 ಯೂನಿಟ್, ಬಳಕೆ 210 ಯೂನಿಟ್ ಎಂದಿಟ್ಟುಕೊಳ್ಳಿ. ಆ ಮನೆ 210 ಯೂನಿಟ್ಟಿಗೂ ಹಣ ಕಟ್ಟುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 1,260 ರೂಪಾಯಿ, ಜೊತೆಗೆ ನಿಗದಿತ ಶುಲ್ಕ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ಗಂಟೆ ತಿರುಗುವ ಮೂರು ಫ್ಯಾನ್ ಬದಲಿಸಿದರೆ ತಿಂಗಳಿಗೆ 48 ಯೂನಿಟ್ ಇಳಿಯುತ್ತದೆ. ಮನೆ ಮಿತಿಯೊಳಗೆ ಬರುತ್ತದೆ, ಬಿಲ್ಲು ಶೂನ್ಯವಾಗುತ್ತದೆ. ಯಾವ ಸಾಲವೂ ಇಷ್ಟು ಬೇಗ ಇಷ್ಟು ಉಳಿಸಿಕೊಡುವುದಿಲ್ಲ.

ಮಾಡಬಾರದ್ದು

- ಈಗಾಗಲೇ ಶೂನ್ಯ ಬಿಲ್ಲು ಬರುತ್ತಿರುವ ಮನೆಗೆ ಸಾಲ ಮಾಡಿ ಸೋಲಾರ್ ಹಾಕಿಸಬೇಡಿ. ಉಳಿಸುವುದಕ್ಕೆ ಬಿಲ್ಲೇ ಇಲ್ಲ, ಕಟ್ಟುವುದಕ್ಕೆ ಕಂತು ಮಾತ್ರ ಇರುತ್ತದೆ.
- ಏಪ್ರಿಲ್, ಮೇ ತಿಂಗಳ ಬಿಲ್ಲು ನೋಡಿ ಇಡೀ ವರ್ಷದ ಲೆಕ್ಕ ಹಾಕಬೇಡಿ. ಮಾರಾಟಗಾರರು ತೋರಿಸುವುದು ಆ ಎರಡು ಬಿಲ್ಲನ್ನೇ.
- ಫ್ಯಾನ್, ಫ್ರಿಜ್, ಎಸಿ, ಎಲ್‌ಇಡಿ ಬಲ್ಬಿಗೆ ಮನೆ ಪತ್ರ ಅಡವಿಡಬೇಡಿ. ಹತ್ತು ವರ್ಷ ಬಾಳದ ಸಾಮಾನಿಗೆ ಹದಿನೈದು ವರ್ಷದ ಕಂತು ಬೇಡ.

2. ಕಂತಿನ ಲೆಕ್ಕ

ಅಮೆರಿಕದಲ್ಲಿ 1990ರ ದಶಕದಿಂದ ಇರುವ ಇಂಧನ ಉಳಿತಾಯದ ಗೃಹಸಾಲಕ್ಕೆ ಒಂದು ಕಟ್ಟುಪಾಡು ಉಂಟು: ಮನೆಯನ್ನು ಪರೀಕ್ಷಿಸಿ, ಮುಂದೆ ಆಗುವ ಉಳಿತಾಯವು ಖರ್ಚಿಗಿಂತ ಹೆಚ್ಚೆಂದು ತೋರಿಸಬೇಕು. ನಮ್ಮಲ್ಲಿಯೂ 2014ರಲ್ಲೇ ಕೇಂದ್ರ ಹಣಕಾಸು ಸಚಿವಾಲಯವು ತಾರಸಿ ಸೋಲಾರ್ ಖರ್ಚನ್ನು ಗೃಹಸಾಲದಲ್ಲಿ ಸೇರಿಸುವಂತೆ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿತ್ತು. ಆದರೆ ಆ ಪರೀಕ್ಷೆ ಮಾಡಿಕೊಡುವವರು ಬ್ಯಾಂಕಿನಲ್ಲಿ ಇರುವುದಿಲ್ಲ. ನೀವೇ ಮಾಡಿಕೊಳ್ಳಬೇಕು.

ಮಾಡಬೇಕಾದ್ದು

- ತಿಂಗಳ ಉಳಿತಾಯ ಒಂದು ಕಡೆ, ತಿಂಗಳ ಕಂತು ಇನ್ನೊಂದು ಕಡೆ ಬರೆಯಿರಿ. ಉದಾಹರಣೆಗೆ, 3 ಕಿಲೋವಾಟ್ ಸೋಲಾರಿಗೆ 1,80,000 ರೂಪಾಯಿ ಬಿದ್ದು, ಪಿಎಂ ಸೂರ್ಯಘರ್ ಯೋಜನೆಯ 78,000 ಸಹಾಯಧನ ಬಂದರೆ ಉಳಿಯುವುದು 1,02,000. ಶೇ. 9ರ ಬಡ್ಡಿಯಲ್ಲಿ 7 ವರ್ಷಕ್ಕೆ ಕಂತು ಸುಮಾರು 1,640 ರೂಪಾಯಿ. ಗೃಹಜ್ಯೋತಿ ಇಲ್ಲದೆ ಪೂರ್ತಿ ಬಿಲ್ಲು ಕಟ್ಟುವ ಮನೆಯಲ್ಲಿ 300 ಯೂನಿಟ್ ಸೋಲಾರಿನಿಂದಲೇ ತೀರಿದರೆ ಉಳಿತಾಯ ಸುಮಾರು 1,800. ಈ ಸಾಲ ತನ್ನ ಹೊರೆ ತಾನೇ ಹೊರುತ್ತದೆ.
- ತೀರಿಸುವ ಶಕ್ತಿ ಇರುವಷ್ಟು ಚಿಕ್ಕ ಅವಧಿ ಆರಿಸಿ. 1,20,000 ರೂಪಾಯಿಗೆ ಶೇ. 9ರಂತೆ 5 ವರ್ಷದ ಬಡ್ಡಿ ಸುಮಾರು 29,500 ರೂಪಾಯಿ. ಅದೇ ಹಣ 15 ವರ್ಷಕ್ಕಾದರೆ ಬಡ್ಡಿಯೇ ಸುಮಾರು 99,000.

ಮಾಡಬಾರದ್ದು

- ಟಾಪ್‌ಅಪ್ಪನ್ನು ಹಳೇ ಗೃಹಸಾಲದ ಉಳಿದ ಅವಧಿಗೆ ಜೋಡಿಸಿಕೊಡಲು ಒಪ್ಪಬೇಡಿ. ಕಂತು ಚಿಕ್ಕದಾಗಿ ಕಾಣುತ್ತದೆ, ಬಡ್ಡಿ ದೊಡ್ಡದಾಗುತ್ತದೆ.
- ನಿಗದಿತ ಶುಲ್ಕವನ್ನು ಉಳಿತಾಯದಲ್ಲಿ ಸೇರಿಸಬೇಡಿ. ಸೋಲಾರ್ ಇದ್ದರೂ ಅದನ್ನು ಕಟ್ಟಲೇಬೇಕು.
- ‘ಹೆಚ್ಚಾದ ಕರೆಂಟು ಬೆಸ್ಕಾಂಗೆ ಮಾರಿ ಸಾಲ ತೀರಿಸಬಹುದು’ ಎಂಬ ಮಾತು ನಂಬಬೇಡಿ. ಲೈನಿಗೆ ಬಿಟ್ಟ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ, ನೀವು ಕಟ್ಟುವ ದರಕ್ಕಿಂತ ಕಡಿಮೆ.

3. ಸೋಲಾರ್ ಹಾಕಿಸುವವರು

ಮಾಡಬೇಕಾದ್ದು

- ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲಿನಲ್ಲಿ ನಿಮ್ಮ ಆರ್.ಆರ್. ನಂಬರ್ ಕೊಟ್ಟು ನೀವೇ ನೋಂದಾಯಿಸಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ.
- 3 ಕಿಲೋವಾಟ್‌ವರೆಗೆ ಇದೇ ಯೋಜನೆಯಡಿ ಸರ್ಕಾರಿ ಬ್ಯಾಂಕುಗಳು 2 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಕೊಡುತ್ತವೆ. ಮೊದಲು ಅದನ್ನೇ ಕೇಳಿ.
- ಒಂದು ಕಿಲೋವಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಪಕ್ಕದ ಖಾಲಿ ಸೈಟಿನಲ್ಲಿ ನಾಳೆ ಮೂರಂತಸ್ತು ಎದ್ದರೆ ನೆರಳು ಎಲ್ಲಿ ಬೀಳುತ್ತದೆ ಎಂದು ಈಗಲೇ ನೋಡಿ.
- ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಸುತ್ತಮುತ್ತ ಇರುವವರು ಪ್ಯಾನೆಲ್ ತೊಳೆಯಲು ತಾರಸಿಗೆ ನೀರು, ಮೆಟ್ಟಿಲು ಎರಡೂ ಇರುವಂತೆ ನೋಡಿಕೊಳ್ಳಿ. ಹೊಟ್ಟಿನ ಬೂದಿ, ಹೊಗೆ ಕೂತರೆ ಉತ್ಪಾದನೆ ಇಳಿಯುತ್ತದೆ, ಕಂತು ಇಳಿಯುವುದಿಲ್ಲ.
- ಐದು ವರ್ಷದ ನಿರ್ವಹಣೆ ಹಾಕಿಸಿಕೊಟ್ಟವರದೇ ಹೊಣೆ. ಅದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.
- ಗೃಹಜ್ಯೋತಿ ಪಡೆಯುತ್ತಿದ್ದರೆ, ಸೋಲಾರ್ ಬಂದ ಮೇಲೆ ಬಿಲ್ಲು ಹೇಗೆ ಬರುತ್ತದೆ ಎಂದು ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಮಾಡಬಾರದ್ದು

- ಮನೆ ಬಾಗಿಲಿಗೆ ಬಂದವರಿಗೆ ಮುಂಗಡ ಕೊಡಬೇಡಿ. ಪೋರ್ಟಲಿನ ಪಟ್ಟಿಯಲ್ಲಿ ಇಲ್ಲದವರಿಂದ ಹಾಕಿಸಿದರೆ ಸಹಾಯಧನ ಬರುವುದಿಲ್ಲ. ದೇಶದಲ್ಲೇ ತಯಾರಾದ ಪ್ಯಾನೆಲ್ ಅಲ್ಲದಿದ್ದರೂ ಬರುವುದಿಲ್ಲ.
- ಸಹಾಯಧನ ಕೈಯಲ್ಲಿದೆ ಎಂದು ಲೆಕ್ಕ ಹಾಕಬೇಡಿ. ಮೀಟರ್ ಕೂತು, ಪರಿಶೀಲನೆ ಮುಗಿದ ಮೇಲೆ ಅದು ಬರುತ್ತದೆ. ಅಲ್ಲಿಯವರೆಗಿನ ಹಣ ನೀವೇ ಹೊಂದಿಸಬೇಕು.
- ಕರೆಂಟು ಹೋದಾಗಲೂ ಮನೆ ಬೆಳಗುತ್ತದೆ ಎಂದು ತಿಳಿಯಬೇಡಿ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವವರ ಜೀವ ಉಳಿಸಲು ಇರುವ ವ್ಯವಸ್ಥೆ ಅದು.

4. ಮನೆ ಕಟ್ಟುವವರು, ಮೇಲಂತಸ್ತು ಎಬ್ಬಿಸುವವರು

ಗೃಹಸಾಲಕ್ಕೆ ನಿಜವಾಗಿ ಒಪ್ಪುವ ಕೆಲಸ ಇಲ್ಲಿದೆ.

ಮಾಡಬೇಕಾದ್ದು

- ಪಶ್ಚಿಮದ ಗೋಡೆಗೆ ನೆರಳು, ಕಿಟಕಿಗೆ ಆಳವಾದ ಸಜ್ಜೆ, ಎದುರುಬದುರು ಗಾಳಿಕಿಂಡಿ, ತಾರಸಿಗೆ ಶಾಖ ತಡೆಯುವ ಪದರ ಅಥವಾ ಬಿಳಿ ಚೀನೀ ಮೊಸಾಯಿಕ್: ಇವನ್ನು ಇಂಜಿನಿಯರ ಅಂದಾಜುಪಟ್ಟಿಯಲ್ಲೇ ಸೇರಿಸಿ. ಅಂದಾಜಿನಲ್ಲಿ ಇದ್ದದ್ದಕ್ಕೆ ಬ್ಯಾಂಕು ಹಣ ಕೊಡುತ್ತದೆ. ಆಮೇಲೆ ನೆನಪಾದದ್ದಕ್ಕೆ ಬೇರೆ ಸಾಲ ಮಾಡಬೇಕಾಗುತ್ತದೆ.
- ಸೋಲಾರ್ ಗೀಸರಿನ ಬಿಸಿನೀರಿನ ಪೈಪು, ಪ್ಯಾನೆಲ್ಲಿನ ವೈರಿಗೆ ಪೈಪು ಗೋಡೆಯೊಳಗೆ ಮೊದಲೇ ಹಾಕಿಸಿ. ಬೋರ್‌ವೆಲ್ ಗಡಸು ನೀರಾದರೆ ಗೀಸರಿನಲ್ಲಿ ಸುಣ್ಣ ಕಟ್ಟುತ್ತದೆ. ನೀರು ಪರೀಕ್ಷೆ ಮಾಡಿಸಿದ ಮೇಲೆ ಬಗೆ ಆರಿಸಿ.
- ಹೊಸ ಮನೆಗೆ ಹಳೇ ಸರಾಸರಿ ಇರುವುದಿಲ್ಲ. ಗೃಹಜ್ಯೋತಿಯಲ್ಲಿ ಅಂಥವರಿಗೆ ರಾಜ್ಯದ ಸರಾಸರಿ 53 ಯೂನಿಟ್ಟನ್ನೇ ಆಧಾರವಾಗಿ ಹಿಡಿಯಲಾಗಿದೆ. ಆದ್ದರಿಂದ ಹೊಸ ಮನೆಯಲ್ಲಿ ಉಳಿಸಿದ ಯೂನಿಟ್ಟಿಗೆ ಬೆಲೆ ಹೆಚ್ಚು.

ಮಾಡಬಾರದ್ದು

- ಮೇಲಂತಸ್ತು ಕಟ್ಟುವ ಯೋಚನೆ ಇದ್ದರೆ ಈಗಿನ ತಾರಸಿಗೆ ದುಬಾರಿ ಪದರ, ಪ್ಯಾನೆಲ್ ಹಾಕಿಸಬೇಡಿ.
- ಬಾಡಿಗೆ, ಭೋಗ್ಯದ ಮನೆಗೆ ನಿಮ್ಮ ಹೆಸರಲ್ಲಿ ಸಾಲ ಮಾಡಬೇಡಿ.

5. ಕಾಗದಪತ್ರ

ಮಾಡಬೇಕಾದ್ದು

- ಕ್ರಯಪತ್ರ, ಇ-ಖಾತೆ, ಕಂದಾಯ ರಸೀದಿ, ಬೆಸ್ಕಾಂ ಬಿಲ್ಲು ನಾಲ್ಕರಲ್ಲೂ ಹೆಸರು ಒಂದೇ ಇದೆಯೇ ನೋಡಿ. ತೀರಿಕೊಂಡ ಅಪ್ಪನ ಹೆಸರಲ್ಲೇ ಮೀಟರ್ ಓಡುತ್ತಿದ್ದರೆ ಮೊದಲು ಅದನ್ನು ಬದಲಿಸಿ.
- ಅಣ್ಣತಮ್ಮಂದಿರು, ಅಕ್ಕತಂಗಿಯರ ಪಾಲು ಇರುವ ಮನೆಯಾದರೆ ಎಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ತಾರಸಿಯೂ ಆಸ್ತಿಯೇ.
- ಕಾವೇರಿ ತಂತ್ರಾಂಶದಲ್ಲಿ ಇ.ಸಿ. ತೆಗೆಸಿ, ಹಳೇ ಸಾಲದ ನಮೂದು ಉಳಿದಿದ್ದರೆ ಬಿಡುಗಡೆ ಮಾಡಿಸಿ.

ಮಾಡಬಾರದ್ದು

- ಸೈಟಿನ ದಾಖಲೆ ಸರಿಯಿಲ್ಲದೆ ಬ್ಯಾಂಕು ಹಿಂದಕ್ಕೆ ಕಳಿಸಿದರೆ ಅದೇ ಪತ್ರ ಹಿಡಿದು ಕೈಸಾಲದವರ ಹತ್ತಿರ ಹೋಗಬೇಡಿ. ಅಸಲು ಪತ್ರ ಖಾಸಗಿಯವರ ಕೈಗೆ ಕೊಡಲೇಬೇಡಿ.

6. ಬ್ಯಾಂಕಿನ ಮೇಜಿನ ಮುಂದೆ

ಮಾಡಬೇಕಾದ್ದು

- ಸಹಿಗೆ ಮೊದಲು ಸಾಲದ ಮುಖ್ಯಾಂಶಗಳ ಹಾಳೆ ಕೇಳಿ. 2024ರ ಅಕ್ಟೋಬರ್ 1ರಿಂದ ಅದನ್ನು ಕೊಡುವುದು ಬ್ಯಾಂಕುಗಳಿಗೆ ಕಡ್ಡಾಯ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿರುತ್ತದೆ.
- ಬಡ್ಡಿದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಆರಿಸುವ ಹಕ್ಕು ನಿಮ್ಮದು. ಬ್ಯಾಂಕು ತಾನೇ ಅವಧಿ ಎಳೆದರೆ ಪ್ರಶ್ನಿಸಿ.
- ಕೈಗೆ ಹಣ ಬಂದಾಗ ಅಸಲಿಗೆ ಕಟ್ಟಿ. ವ್ಯಕ್ತಿಗಳ ಹೆಸರಿನ ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಮುಂಚಿತ ಪಾವತಿ ದಂಡ ಹಾಕುವಂತಿಲ್ಲ.
- ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರ ವಾಪಸ್ ಪಡೆಯಿರಿ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವನ್ನು ರಿಸರ್ವ್ ಬ್ಯಾಂಕು ನಿಗದಿ ಮಾಡಿದೆ.

ಮಾಡಬಾರದ್ದು

- ಸೋಲಾರ್ ಹೆಸರಲ್ಲಿ ತೆಗೆದ ಟಾಪ್‌ಅಪ್ಪನ್ನು ಮದುವೆ, ಬೈಕಿಗೆ ಬಳಸಬೇಡಿ. ಬಿಲ್ಲು ಇಳಿಯದೆ ಕಂತು ಮಾತ್ರ ಏರುತ್ತದೆ.
- ತೆರಿಗೆ ಉಳಿಯುತ್ತದೆಂದು ಸಾಲ ಮಾಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ಹಳೇ ಪದ್ಧತಿಯಲ್ಲೂ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿಯೇ ಮಿತಿ.
- ಅರ್ಬನ್ ಬ್ಯಾಂಕು, ಪತ್ತಿನ ಸಹಕಾರ ಸಂಘ, ಸೌಹಾರ್ದ ಎಲ್ಲವೂ ಒಂದೇ ಎಂದು ತಿಳಿಯಬೇಡಿ. ಸಂಘ, ಸೌಹಾರ್ದಗಳು ಸಹಕಾರ ಕಾಯ್ದೆಗಳಡಿ ನಡೆಯುತ್ತವೆ. ಅಲ್ಲಿನ ದೂರು ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಮುಂದೆ ನಿಲ್ಲುವುದಿಲ್ಲ.
- ಬ್ಯಾಂಕಿನ ನೋಟಿಸು ಬಂದರೆ ಒಡೆಯದೆ ಇಡಬೇಡಿ. 2002ರ ಸರ್ಫೇಸಿ ಕಾಯ್ದೆಯಡಿ ಬಂದದ್ದಾದರೆ ಬಾಕಿ ತೀರಿಸಲು 60 ದಿನ ಇರುತ್ತದೆ. ಆ ದಿನಗಳಲ್ಲೇ ಶಾಖೆಗೆ ಹೋಗಿ ಮಾತಾಡಿ.

ಕರೆಂಟು, ಮೀಟರಿನ ದೂರಿಗೆ ಬೆಸ್ಕಾಂ ಸಹಾಯವಾಣಿ 1912. ಬ್ಯಾಂಕಿನ ದೂರನ್ನು ಮೊದಲು ಬ್ಯಾಂಕಿಗೇ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ.

ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಉಳಿತಾಯ ಕಂತಿಗಿಂತ ಹೆಚ್ಚೇ? ಕೊಂಡದ್ದು ಸಾಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆಯೇ? ಅಡಮಾನವಿಲ್ಲದ ದಾರಿ ಇಲ್ಲವೆಂದು ಖಚಿತವೇ? ಒಂದಕ್ಕಾದರೂ ಉತ್ತರ ‘ಇಲ್ಲ’ ಎಂದಾದರೆ ಮನೆ ಪತ್ರ ಬೀರುವಿನಿಂದ ಹೊರಗೆ ತೆಗೆಯಬೇಡಿ.